ನಳಿಕೆ ಬದಲಿಸುವ ಮುನ್ನ: ಸ್ಟೇನ್‌ಲೆಸ್ಸೋ, ಕ್ರೋಮ್ ಲೇಪನವೋ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು, ಈಗ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿದ್ದೇನೆ. ನನ್ನ ಎಆರ್-15 ರೈಫಲ್‌ನ ನಳಿಕೆ ಸವೆದಿದೆ. ತಿಂಗಳಿಗೆ ಎರಡು ಶನಿವಾರ ರೇಂಜಿಗೆ ಹೋಗಿ, ನೂರು ಗಜ ದೂರದ ಗುರಿಹಲಗೆಗೆ ನಿಧಾನವಾಗಿ ಐವತ್ತು ಗುಂಡು ಹೊಡೆಯುತ್ತೇನೆ. ಇಲ್ಲಿಯ ತೇವಕ್ಕೆ ಕ್ರೋಮ್ ಲೇಪನದ ನಳಿಕೆಯೇ ಸರಿ ಎನ್ನುತ್ತಾರೆ ಅಂಗಡಿಯವರು. ಗೆಳೆಯರು ಸ್ಟೇನ್‌ಲೆಸ್ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಗೆಳೆಯರ ಮಾತು ಕೇಳಿ. ಆದರೆ ತುಕ್ಕಿನ ಭಯದಿಂದ ಸ್ಟೇನ್‌ಲೆಸ್ ಕೊಳ್ಳಬೇಡಿ, ಗುರಿಗಾಗಿ ಕೊಳ್ಳಿ.

ಈ ಬಗೆಯ ರೈಫಲ್‌ಗೆ ಕ್ರೋಮ್ ಲೇಪನ ಬಂದದ್ದು ಸೈನಿಕರ ಕಷ್ಟದಿಂದ. 1960ರ ದಶಕದಲ್ಲಿ ವಿಯೆಟ್ನಾಂಗೆ ಹೋದ ಆರಂಭದ ಎಂ-16 (ಎಆರ್-15ರ ಸೈನ್ಯದ ರೂಪ) ರೈಫಲ್‌ಗಳ ಚೇಂಬರ್‌ಗೆ, ಅಂದರೆ ತೋಟೆ ಕೂರುವ ಗೂಡಿಗೆ, ಲೇಪನವಿರಲಿಲ್ಲ. ಮಳೆಗಾಡಿನ ತೇವಕ್ಕೆ ಒಳಗೆ ತುಕ್ಕಿನ ಗುಳಿಗಳು ಬಿದ್ದು, ಸುಟ್ಟ ತೋಟೆಯ ಹಿತ್ತಾಳೆ ಕೋಶ ಅಲ್ಲೇ ಕಚ್ಚಿಕೊಂಡಿತು. ಮದ್ದು ಬದಲಾದದ್ದು, ಶುಚಿಗೊಳಿಸುವ ಸಾಮಾನು ಸಾಲದಿದ್ದದ್ದು ಸೇರಿ ಸಂಕಟ ಹೆಚ್ಚಾಯಿತು. ಮೊದಲು ಚೇಂಬರ್‌ಗೆ, ಆಮೇಲೆ ಇಡೀ ನಳಿಕೆಯ ಒಳಮೈಗೆ ಗಟ್ಟಿ ಕ್ರೋಮ್ ಹಚ್ಚಿದರು. ಕೂದಲೆಳೆಗಿಂತ ತೆಳುವಾದ ಈ ಪದರ ಅದರಡಿಯ ಉಕ್ಕಿಗಿಂತ ಬಹಳ ಗಡಸು. ಒಂದರ ಹಿಂದೊಂದು ಗುಂಡು ಹಾರಿ ನಳಿಕೆ ಕಾದಾಗ ಅದು ಸವೆತವನ್ನು ತಡೆಯುತ್ತದೆ. ಉಜ್ಜುವುದೂ ಸುಲಭ.

ತೊಂದರೆ ಇರುವುದು ಅದೇ ಪದರದಲ್ಲಿ. ನಳಿಕೆಯೊಳಗಿನ ಸುರುಳಿ ಗೀರುಗಳನ್ನು ಎಷ್ಟೇ ನಯವಾಗಿ ಕೊರೆದರೂ, ಮೇಲೆ ಕೂರುವ ಕ್ರೋಮ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ; ಅಂಚುಗಳಲ್ಲಿ ಹೆಚ್ಚು, ಮೂಲೆಗಳಲ್ಲಿ ಕಡಿಮೆ. ನೂರು ಗಜಕ್ಕೆ ಸಾಧಾರಣ ಕ್ರೋಮ್ ನಳಿಕೆಯ ಐದು ಗುಂಡು ಎರಡಂಗುಲದೊಳಗೆ ಬಿದ್ದರೆ ಚೆನ್ನಾಗಿದೆ ಎನ್ನಬಹುದು. ಲೇಪನವಿಲ್ಲದ ಒಳ್ಳೆಯ ಸ್ಟೇನ್‌ಲೆಸ್ ನಳಿಕೆಯಿಂದ ಒಂದಂಗುಲ ನಿರೀಕ್ಷಿಸಬಹುದು. ಕ್ರೋಮ್‌ನಲ್ಲೂ ಒಂದಂಗುಲಕ್ಕೆ ಬರುವ ನಳಿಕೆಗಳಿವೆ, ಬೆಲೆಯೂ ಹಾಗೇ ಇರುತ್ತದೆ.

ಇನ್ನು ಸ್ಟೇನ್‌ಲೆಸ್ ಎಂಬ ಹೆಸರು. ಸ್ಟೀಲ್ ಚಮಚವನ್ನು ಉಪ್ಪಿನಕಾಯಿ ಭರಣಿಯಲ್ಲೇ ಬಿಟ್ಟರೆ ಏನಾಗುತ್ತದೆಂದು ಮನೆಯಲ್ಲಿ ಕಂಡಿರುತ್ತೀರಿ. ಒಳ್ಳೆಯ ಅಡುಗೆ ಪಾತ್ರೆಯ ಸ್ಟೀಲಿನಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ ಇದ್ದರೆ, ನಳಿಕೆಗೆ ಬಳಸುವ 416ಆರ್ ಉಕ್ಕಿನಲ್ಲಿ 12-13 ಮಾತ್ರ. ಕೊರೆಯಲು ಸುಲಭವಾಗಲೆಂದು ಗಂಧಕವನ್ನೂ ಸೇರಿಸಿರುತ್ತಾರೆ. ಆಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ಬೆವರುಗೈಯಲ್ಲಿ ಮುಟ್ಟಿ ಒರೆಸದೆ ಇಟ್ಟರೆ ಬೆರಳಿನ ಗುರುತಿನಲ್ಲೇ ಕಂದು ಚುಕ್ಕೆ ಮೂಡೀತು. ಕ್ರೋಮ್ ನಳಿಕೆಗೂ ಲೇಪನವಿರುವುದು ಒಳಗೆ ಮಾತ್ರ. ಹೊರಮೈ ಎಣ್ಣೆ ಕೇಳುವ ಮಾಮೂಲಿ ಉಕ್ಕು. ಕೊಡಗಿನ ಆಯುಧಪೂಜೆ ಕೈಲ್‌ಪೊಳ್ದಿನಲ್ಲಿ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುವ ಊರಿನವರು ನೀವು, ಮಳೆಗಾಲದಲ್ಲಿ ಎಣ್ಣೆ ಬಟ್ಟೆಯ ಬೆಲೆ ಏನೆಂದು ನಾನು ಹೇಳಬೇಕಿಲ್ಲ.

ತಿಂಗಳಿಗೆ ನೂರು ಗುಂಡು, ವರ್ಷಕ್ಕೆ 1,200. ಹೀಗೆ ತಣ್ಣಗೆ ಹೊಡೆದರೆ ಸ್ಟೇನ್‌ಲೆಸ್ ನಳಿಕೆ ಸುಮಾರು ಐದು ಸಾವಿರ ಗುಂಡಿನವರೆಗೆ ಗುರಿ ಕೆಡಿಸದು, ಅಂದರೆ ನಾಲ್ಕು ವರ್ಷ. ಕೊನೆಯಲ್ಲಿ ಅದು ಸ್ವಲ್ಪಸ್ವಲ್ಪವಾಗಿ ಕೆಡುವುದಿಲ್ಲ, ಥಟ್ಟನೆ ಗುರಿ ಚೆದುರುತ್ತದೆ ಎಂಬುದು ಹಲವು ಸ್ಪರ್ಧಿಗಳ ಅನುಭವ. ಮ್ಯಾಗಜೀನ್ ಮೇಲೆ ಮ್ಯಾಗಜೀನ್ ಖಾಲಿ ಮಾಡುವ ಅಭ್ಯಾಸ ನಿಮ್ಮದಾಗಿದ್ದರೆ ನಾನೂ ಅಂಗಡಿಯವರ ಪಕ್ಷವೇ.

ಒಂದು ಷರತ್ತು. ನೀವು ತರುವುದು ಪೆಟ್ಟಿಗೆಗಟ್ಟಲೆ ಸಿಗುವ ಅಗ್ಗದ 55 ಗ್ರೇನ್ (ಗುಂಡಿನ ತೂಕದ ಅಳತೆ) ತೋಟೆಯಾದರೆ ಈ ನಳಿಕೆಗೆ ದುಡ್ಡು ಸುರಿಯಬೇಡಿ. ಎರಡಂಗುಲಕ್ಕೆ ಚೆದುರುವ ತೋಟೆಯನ್ನು ಯಾವ ಉಕ್ಕೂ ಒಂದಂಗುಲಕ್ಕೆ ತಾರದು. ಸ್ಪರ್ಧೆಯವರು ಮೆಚ್ಚುವ 69 ಅಥವಾ 77 ಗ್ರೇನ್ ಗುಂಡು ಬಳಸುವುದಾದರೆ ಒಳಗಿನ ಸುರುಳಿ ಗೀರು ಎಂಟು ಅಂಗುಲಕ್ಕೊಂದು ಸುತ್ತು ಹಾಕುವ ನಳಿಕೆ ಕೇಳಿ. ಅಂದಹಾಗೆ, ರೈಫಲ್ಲನ್ನು ಸ್ಪಂಜು ಹಾಕಿದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದರೆ ಇವತ್ತೇ ಹೊರತೆಗೆಯಿರಿ. ಹ್ಯೂಸ್ಟನ್‌ನ ತೇವವನ್ನು ಆ ಸ್ಪಂಜೇ ಹೀರಿ ಹಿಡಿದಿಟ್ಟುಕೊಂಡಿರುತ್ತದೆ.