ಅಳಿಯನ ಸ್ನೇಹಿತನ ಕಂಪನಿಯಲ್ಲಿ ಮೂರು ಲಕ್ಷ

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಅಳಿಯಂದಿರ ಸ್ನೇಹಿತ ಮೈಸೂರಿನ ಹೆಬ್ಬಾಳದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದಾನೆ. ರೈಸ್‌ಮಿಲ್, ಬೆಲ್ಲದ ಮಂಡಿಗಳ ಲೆಕ್ಕ ಇಡುವ ಸಾಫ್ಟ್‌ವೇರ್. ರಿಟೈರ್ ಆದಾಗ ಬಂದ ಹಣದಲ್ಲಿ 3 ಲಕ್ಷ ಕೊಟ್ಟು ಷೇರು ತೆಗೆದುಕೊಂಡೆ. ಟ್ಯಾಲಿ, ಜೋಹೊದಂಥ ಲೆಕ್ಕದ ಸಾಫ್ಟ್‌ವೇರ್ ಮಾಡುವ ದೊಡ್ಡ ಕಂಪನಿಗಳ ಮುಂದೆ ಇವನು ಉಳಿಯುತ್ತಾನಾ? ದುಡ್ಡು ವಾಪಸ್ ಕೇಳಲಾ? ಅಳಿಯಂದಿರು ಇನ್ನೊಂದು ಲಕ್ಷ ಹಾಕಿ ಅಂತಿದ್ದಾರೆ.’

ಮೇಷ್ಟ್ರೇ, ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಷೇರಿಗೆ ಹಾಕಿದ ದುಡ್ಡನ್ನು ಕೈಸಾಲದ ಹಾಗೆ ವಾಪಸ್ ಕೇಳಲು ಬರುವುದಿಲ್ಲ. ನಿಮ್ಮ ಷೇರನ್ನು ಇನ್ನೊಬ್ಬರು ಕೊಳ್ಳಬೇಕು. ಪ್ರೈವೇಟ್ ಲಿಮಿಟೆಡ್ ಆದರೆ ಅದಕ್ಕೂ ಕಂಪನಿಯ ಕಟ್ಟುಪಾಡು ಇರುತ್ತದೆ. ಇದನ್ನು ನಿಮಗೆ ಯಾರೂ ಹೇಳಿರಲಿಲ್ಲ, ಅಲ್ವಾ?

ಇನ್ನು ದೊಡ್ಡವರ ಭಯ. ಮೈಕ್ರೋಸಾಫ್ಟ್ ಇಂಟರ್ನೆಟ್ ನೋಡುವ ತನ್ನ ಬ್ರೌಸರನ್ನು ವಿಂಡೋಸ್ ಜೊತೆ ಪುಕ್ಕಟೆ ಕೊಟ್ಟಾಗ, ಬ್ರೌಸರನ್ನೇ ನಂಬಿದ್ದ ನೆಟ್‌ಸ್ಕೇಪ್ ಕಂಪನಿ ನೆಲಕಚ್ಚಿತು, ನಿಜ. ಆದರೆ ಅದೇ ಮೈಕ್ರೋಸಾಫ್ಟ್ 1991ರಲ್ಲಿ ಮನೆ ಲೆಕ್ಕಕ್ಕೆ ‘ಮನಿ’ ಅಂತ ಒಂದು ಸಾಫ್ಟ್‌ವೇರ್ ತಂದಿತು. ಎದುರಿಗಿದ್ದದ್ದು ಆಗಿನ್ನೂ ಚಿಕ್ಕದಾಗಿದ್ದ ಇಂಟ್ಯೂಟ್ ಕಂಪನಿಯ ಕ್ವಿಕನ್. ಸೋಲಿಸಲಾಗದೆ 1994ರಲ್ಲಿ ಇಂಟ್ಯೂಟನ್ನೇ ಕೊಳ್ಳಲು ಹೊರಟಿತು. ಅದನ್ನು ತಡೆಯಲು ಅಮೆರಿಕ ಸರ್ಕಾರ ಕೋರ್ಟಿಗೆ ಹೋಯಿತು, ಮರುವರ್ಷ ಮೈಕ್ರೋಸಾಫ್ಟ್ ಆ ಆಸೆಯನ್ನೂ ಬಿಟ್ಟಿತು. 2009ರಲ್ಲಿ ‘ಮನಿ’ಯನ್ನೇ ನಿಲ್ಲಿಸಿತು. ಬ್ರೌಸರ್ ಬದಲಿಸುವುದು ಎರಡು ನಿಮಿಷದ ಕೆಲಸ. ವರ್ಷಗಟ್ಟಲೆ ಲೆಕ್ಕ ತುಂಬಿಟ್ಟ ಸಾಫ್ಟ್‌ವೇರ್ ಬದಲಿಸುವುದು ತುಂಬಿದ ಮನೆ ಖಾಲಿ ಮಾಡಿದ ಹಾಗೆ.

ಹಾಗಂತ ನೆಮ್ಮದಿಯಾಗಿರಿ ಅನ್ನಲಾರೆ. ಟ್ಯಾಲಿ 1986ರಿಂದ ಇದೆ. ಮಂಡಿಯ ಗುಮಾಸ್ತ ಅದನ್ನು ಕಲಿತೇ ಕೆಲಸಕ್ಕೆ ಬರುತ್ತಾನೆ. ಈ ಹುಡುಗನ ಸಾಫ್ಟ್‌ವೇರನ್ನು ಅವನಿಗೆ ಹೊಸದಾಗಿ ಕಲಿಸಬೇಕು. ಅಷ್ಟು ಕಷ್ಟಪಡುವಂಥದ್ದು ಅದರಲ್ಲಿ ಏನಿದೆ? ಭತ್ತದ ತೇವಕ್ಕೆ ಎಷ್ಟು ಕಡಿತ, ಚೀಲದ ತೂಕ ಎಷ್ಟು ಕಳೆಯಬೇಕು, ರೈತನಿಗೆ ಕೊಟ್ಟ ಮುಂಗಡ ಯಾವ ಲೋಡಿನಲ್ಲಿ ಮುರಿದುಕೊಳ್ಳಬೇಕು, ಇವೆಲ್ಲ ಸಲೀಸಾಗಿ ಆಗುತ್ತಿದ್ದರೆ ಮಿಲ್ಲಿನವರು ಬಿಡುವುದಿಲ್ಲ. ಸುಮ್ನೆ ಬಿಲ್ ಪ್ರಿಂಟ್ ಮಾಡುವುದಷ್ಟೇ ಆದರೆ ಕಷ್ಟ.

ಷೇರುದಾರರಾದ ನಿಮಗೆ ವಾರ್ಷಿಕ ಸಭೆಗೆ ಮೊದಲು ಲೆಕ್ಕಪತ್ರ ಬರಬೇಕು. ಬಂದಿಲ್ಲವೆಂದರೆ ಕೇಳಿ ತರಿಸಿಕೊಳ್ಳಿ. ಆದರೆ ಮುಖ್ಯ ವಿಷಯ ಅದರಲ್ಲಿ ಸಿಗದು. ಒಂದು ದಿನ ಬಸ್ಸು ಹತ್ತಿ ಹೆಬ್ಬಾಳಕ್ಕೇ ಹೋಗಿ. ಹೋದ ವರ್ಷದ ಗಿರಾಕಿಗಳಲ್ಲಿ ಎಷ್ಟು ಜನ ಈ ವರ್ಷ ಮತ್ತೆ ದುಡ್ಡು ಕಟ್ಟಿದರು? ಅರ್ಧ ವಹಿವಾಟು ಒಬ್ಬನೇ ಗಿರಾಕಿಯದಾ? ಸಾಫ್ಟ್‌ವೇರ್ ಬರೆದ ಹುಡುಗರು ಇನ್ನೂ ಇದ್ದಾರಾ, ಬೇರೆ ಕೆಲಸಕ್ಕೆ ಹೋದರಾ? ಅಲ್ಲೇ ಇನ್ಫೋಸಿಸ್ ಕ್ಯಾಂಪಸ್ ಇದೆ ನೋಡಿ. ಹುಡುಗರನ್ನು ಎಳೆದುಕೊಂಡುಬಿಟ್ಟೀತು ಅಂತ ನನಗೆ ಟ್ಯಾಲಿಗಿಂತ ಅದರದ್ದೇ ಭಯ ಜಾಸ್ತಿ.

ಇವಕ್ಕೆ ಉತ್ತರ ಸಿಗುವ ತನಕ ಆ ಇನ್ನೊಂದು ಲಕ್ಷ ಬ್ಯಾಂಕಿನಲ್ಲೇ ಇರಲಿ. ಅಳಿಯಂದಿರು ಮುನಿಸಿಕೊಂಡರೆ ಈ ಪುಟ ತೋರಿಸಿ, ಬೈಗುಳ ನನಗೆ ಬರಲಿ.