ಗ್ರಾಫಿಕ್ಸ್ ಹೋದ 2011ರ ಮ್ಯಾಕ್‌ಬುಕ್ ಪ್ರೋ: ರಿಪೇರಿಯೋ, ಬೇರೆ ಲ್ಯಾಪ್‌ಟಾಪೋ?

2011ರ 15 ಇಂಚಿನ ಮ್ಯಾಕ್‌ಬುಕ್ ಪ್ರೋ ಪರದೆಯಲ್ಲಿ ಗೆರೆ ಬಂದು, ಆನ್ ಮಾಡಿದಾಗ ಬೂದು ಬಣ್ಣದಲ್ಲೇ ನಿಂತರೆ ಮೊದಲ ಅನುಮಾನ ಅದರ ಗ್ರಾಫಿಕ್ಸ್ ಚಿಪ್ ಆದ ಎಎಂಡಿ ರೇಡಿಯಾನ್ ಮೇಲೆ. ಹೊರಗಿನ ಮಾನಿಟರ್ ಜೋಡಿಸಿ ನೋಡಿ. ಅಲ್ಲಿ ಚಿತ್ರ ಸರಿ ಇದ್ದರೆ ದೋಷ ಪರದೆಯದ್ದೋ ಕೇಬಲ್ಲಿನದ್ದೋ ಇರಬಹುದು. ಅದನ್ನು ರಿಪೇರಿ ಮಾಡಿಸಬಹುದು. ಅಲ್ಲೂ ಗೆರೆ ಬಂದರೆ ಚಿಪ್ಪೇ.

ಈ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿದ್ದಾರೆ. ಬಿಸಿಗಾಳಿ ಹೊಡೆಸುವುದಕ್ಕೆ, ರೀಬಾಲ್ (ಚಿಪ್ ತೆಗೆದು ಹೊಸ ಬೆಸುಗೆ ಗುಂಡು ಹಾಕಿ ಕೂರಿಸುವುದು) ಮಾಡಿಸುವುದಕ್ಕೆ ದಯವಿಟ್ಟು ದುಡ್ಡು ಸುರಿಯಬೇಡಿ. ಬಿರುಕು ಸಾಮಾನ್ಯವಾಗಿ ಚಿಪ್ಪಿನ ಒಳಗಿನ ಸೂಕ್ಷ್ಮ ಬೆಸುಗೆಯಲ್ಲಿರುತ್ತದೆ. ರೀಬಾಲಿಂಗ್ ಬದಲಿಸುವುದು ಚಿಪ್ಪಿನ ಕೆಳಗಿನ ಬೆಸುಗೆ ಗುಂಡುಗಳನ್ನು ಮಾತ್ರ. ಬಿಸಿಗೆ ಒಳಬೆಸುಗೆ ತಾತ್ಕಾಲಿಕವಾಗಿ ಕೂಡಿಕೊಂಡು ಸ್ವಲ್ಪ ದಿನ ನಡೆಯುತ್ತದೆ, ಮತ್ತೆ ಕೈಕೊಡುತ್ತದೆ. ಸೆಕೆಂಡ್‌ಹ್ಯಾಂಡ್ ಬೋರ್ಡಿನಲ್ಲೂ ಅದೇ ಚಿಪ್, ಅದೇ ರೋಗ. ಆಪಲ್‌ನ ಉಚಿತ ರಿಪೇರಿ ಯೋಜನೆ 2016ರ ಕೊನೆಗೇ ಮುಗಿಯಿತು.

ಖರ್ಚಿಲ್ಲದ ಒಂದು ದಾರಿಯಿದೆ: ಎನ್‌ವಿರ‍್ಯಾಮ್‌ನಲ್ಲಿ (ಆಫ್ ಮಾಡಿದರೂ ಸೆಟ್ಟಿಂಗ್ ಉಳಿಸಿಕೊಳ್ಳುವ ಪುಟ್ಟ ಮೆಮೊರಿ) ಗ್ರಾಫಿಕ್ಸ್ ಆಯ್ಕೆ ಬದಲಿಸಿ, ಪ್ರೊಸೆಸರ್‌ನೊಳಗೇ ಇರುವ ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್ ಒಂದರಲ್ಲೇ ಓಡಿಸುವುದು. ಟೈಪಿಂಗ್, ಬ್ರೌಸಿಂಗ್‌ಗೆ ಸಾಕು. ಆದರೆ ಹೊರ ಮಾನಿಟರ್ ಸಿಗದು, ಎನ್‌ವಿರ‍್ಯಾಮ್ ರೀಸೆಟ್ ಆದರೆ ಮತ್ತೆ ಮಾಡಬೇಕು.

ಅಧಿಕೃತವಾಗಿ ಹೈ ಸಿಯೆರಾಕ್ಕಿಂತ ಮುಂದಿನ ಮ್ಯಾಕ್‌ಓಎಸ್ ಇದಕ್ಕಿಲ್ಲ. ನಿತ್ಯದ ಕೆಲಸಕ್ಕಾದರೆ ಬೇರೆ ಲ್ಯಾಪ್‌ಟಾಪ್ ಕೊಳ್ಳಿ. ಹಳೆಯದರ ಡಿಸ್ಕ್ ಸಾಮಾನ್ಯ 2.5 ಇಂಚಿನ ಸಾಟಾ ಮಾದರಿಯದು. ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಫೋಟೋ, ಕಡತಗಳೆಲ್ಲ ಸಿಗುತ್ತವೆ.