ಪುಸ್ತಕ ತೆಗೆದರೆ ಕುರ್ಚಿ ಕೆಳಗೆ ಸೇರುವ ಮಗು

(ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.)

ತಾಯಿ, ತಂದೆ, ನಾಲ್ಕು ವರ್ಷದ ಮಗಳು ಮೂವರೂ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ದೂರು ತಾಯಿಯದು. "ಮೇಡಂ, ಇವಳಿಗೆ ಪುಸ್ತಕ ಕಂಡರೇ ಆಗಲ್ಲ. ತೆಗೆದ ತಕ್ಷಣ ಮುಚ್ಚಿಬಿಡ್ತಾಳೆ, ಇಲ್ಲಾಂದ್ರೆ ಎದ್ದು ಓಡ್ತಾಳೆ. ಗಮನ ಕೊಡೋದರಲ್ಲೇ ಏನೋ ತೊಂದರೆ ಇದೆಯೇನೋ ಅಂತ ಭಯ." ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿಲ್ಲ. ದಿನಾ ರಾತ್ರಿ ಮಲಗುವ ಮುಂಚೆ ಓದಲೇಬೇಕು ಅಂತ ನಿಯಮವೂ ಇದೆ. ಆ ಹೊತ್ತು ಬಂತೆಂದರೆ ಮಗು ಅಳಲು ಶುರು.

ಮಾತು ವಯಸ್ಸಿಗೆ ತಕ್ಕಂತೆ ಇತ್ತು. ಕರೆದರೆ ತಿರುಗಿ ನೋಡುತ್ತಿದ್ದಳು. ಕಣ್ಣು, ಕಿವಿಯ ತಪಾಸಣೆ ಆಗಿತ್ತು. ಬ್ಲಾಕ್ ಜೋಡಿಸಲು ಕೂತರೆ ಊಟಕ್ಕೆ ಕರೆದರೂ ಏಳುವುದಿಲ್ಲ ಅಂತ ತಂದೆ ಹೇಳಿದರು. ಅಂದಮೇಲೆ ಗಮನದ ಮಾತು ಅಲ್ಲಿಗೆ ಬಿಟ್ಟೆ. ಇದರಲ್ಲಿ ಯಾವುದಾದರೂ ಅನುಮಾನ ಇದ್ದಿದ್ದರೆ ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

"ಮನೆಯಲ್ಲಿ ಹೇಗೆ ಓದ್ತೀರೋ ಹಾಗೇ ಇಲ್ಲಿ ಓದಿ" ಅಂದೆ. ತಾಯಿ ಚೀಲದಿಂದ ಒಂದು ಚಿತ್ರಪುಸ್ತಕ ತೆಗೆದು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡರು. ಮೊದಲ ಪುಟ. "ಇದು ಯಾವ ಪ್ರಾಣಿ? ಬಣ್ಣ ಯಾವುದು? ಮರ ಎಷ್ಟಿದೆ, ಎಣಿಸು. ಇದು ಯಾವ ಅಕ್ಷರ? ಮೊನ್ನೆ ಹೇಳಿಕೊಟ್ಟಿದ್ದೆ ಅಲ್ವಾ?" ಮಗು ಪುಟದ ಮೂಲೆಯಲ್ಲಿದ್ದ ಪುಟ್ಟ ಇರುವೆಯ ಮೇಲೆ ಬೆರಳಿಟ್ಟು ಏನೋ ಹೇಳಲು ಬಾಯಿ ತೆರೆದಳು. "ಅದಿರಲಿ, ಮೊದಲು ಬಣ್ಣ ಹೇಳು ಪುಟ್ಟಿ." ಬೆರಳು ಹಿಂದಕ್ಕೆ ಹೋಯಿತು. ಕಥೆ ಇನ್ನೂ ಶುರುವೇ ಆಗಿರಲಿಲ್ಲ. ಎರಡನೇ ಪುಟ ತಿರುಗುವಷ್ಟರಲ್ಲಿ ಅವಳು ಜಾರಿ ಕುರ್ಚಿಯ ಕೆಳಗೆ ಸೇರಿದ್ದಳು.

ನಾನಾಗಿದ್ದರೂ ಸೇರುತ್ತಿದ್ದೆ.

ತಾಯಿಯನ್ನು ದೂರುವ ಹಾಗಿಲ್ಲ. ಓದುವಾಗ ಪ್ರಶ್ನೆ ಕೇಳಿ ಅಂತ ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಚಿತ್ರಪುಸ್ತಕ ಓದುವಾಗ ಮಗುವನ್ನು ಮಾತಿಗೆಳೆದರೆ ಅದರ ಮಾತು ಚೆನ್ನಾಗಿ ಬೆಳೆಯುತ್ತದೆ ಅಂತ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲೇ ತೋರಿಸಿದ್ದರು. ಆದರೆ ಅವರು ಹೇಳಿಕೊಟ್ಟ ಪ್ರಶ್ನೆಗಳು ಬೇರೆ. ಮಗು ತನಗೆ ತೋಚಿದ್ದನ್ನು ಹೇಳಲು ಜಾಗ ಕೊಡುವಂಥವು. ಮಗು ಒಂದು ಮಾತು ಅಂದರೆ ಅದನ್ನೇ ಹಿಡಿದು ದೊಡ್ಡವರು ಇನ್ನೊಂದು ಸೇರಿಸುತ್ತಾರೆ. ಸರಿ ಉತ್ತರ ಒಂದೇ ಇರುವ ಪ್ರಶ್ನೆಯನ್ನು ಸಾಲಾಗಿ ಕೇಳಿದರೆ ಅದು ಪರೀಕ್ಷೆ.

ಹಾಗಾಗಿ ಕೊಟ್ಟ ಮೊದಲ ಸಲಹೆ: ಸ್ವಲ್ಪ ದಿನ ಪ್ರಶ್ನೆಯೇ ಬೇಡ. ಅವಳು ಇರುವೆ ತೋರಿಸಿದರೆ ನೀವೂ ಇರುವೆ ನೋಡಿ. "ಹೌದಲ್ಲಾ, ಎಲೆ ಹೊತ್ತುಕೊಂಡು ಹೋಗ್ತಿದೆ" ಅನ್ನಿ, ಸಾಕು. ಪುಟ ಅವಳೇ ತಿರುಗಿಸಲಿ, ಹಿಂದಕ್ಕೆ ಹೋಗಲಿ, ಎರಡು ಪುಟ ಹಾರಿಸಲಿ. ಮುಚ್ಚಿದರೆ ಅವತ್ತಿಗೆ ಮುಗಿಯಿತು. ನಿದ್ದೆ ಬಂದ ಮಗುವಿಗೆ ಯಾವ ಕಥೆಯೂ ಬೇಡ, ಓದುವ ಹೊತ್ತನ್ನು ಸಂಜೆಗೆ ತನ್ನಿ. ಐದು ನಿಮಿಷವಾದರೂ ಪರವಾಗಿಲ್ಲ.

ಪದ್ಯದ ವಿಷಯ ಆಮೇಲೆ ಬಂತು. ನನಗೆ ಜಾಸ್ತಿ ಆಸೆ ಹುಟ್ಟಿಸಿದ್ದು ಅದೇ. ಕುರ್ಚಿಯ ಕೆಳಗಿದ್ದ ಮಗು ತನ್ನಷ್ಟಕ್ಕೆ "ಹಾರಿತು, ಜಾರಿತು, ಲಾರಿತು" ಅಂತ ಗುನುಗುತ್ತಿತ್ತು. ತಾಯಿ ಬಗ್ಗಿ "ಲಾರಿತು ಅಂತ ಇಲ್ಲ ಕಂದಾ, ಏರಿತು" ಅಂದರು. ದಯವಿಟ್ಟು ತಿದ್ದಬೇಡಿ ಅಂದೆ. ಮೊದಲ ಸದ್ದು ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟರೆ ಪ್ರಾಸ ಉಳಿಯುತ್ತದೆ ಅಂತ ಅವಳ ಕಿವಿಗೆ ಗೊತ್ತಾಗಿದೆ. ಇದು ಓದಿಗೇ ಬೇಕಾದ ತಯಾರಿ. ಮೂರು ವರ್ಷಕ್ಕೆ ಶಿಶುಪದ್ಯಗಳು ಚೆನ್ನಾಗಿ ಗೊತ್ತಿದ್ದ ಮಕ್ಕಳು ಮುಂದೆ ಪದದೊಳಗಿನ ಸದ್ದು ಗುರುತಿಸುವುದರಲ್ಲೂ ಓದುವುದರಲ್ಲೂ ಮುಂದಿದ್ದರು ಅಂತ ಬ್ರಿಟನ್ನಿನ ಪೀಟರ್ ಬ್ರಯಂಟ್ ಮತ್ತು ಸಂಗಡಿಗರು 1989ರಲ್ಲಿ ಬರೆದಿದ್ದಾರೆ.

ಈ ಮನೆಯಲ್ಲಿ ಪದ್ಯಕ್ಕೂ ಎರಡು ಕಾಟ. ತಾಯಿ ಸಾಲು ಸಾಲಿಗೂ ಅರ್ಥ ಬಿಡಿಸುತ್ತಾರೆ. ತಂದೆ ಮನೆಗೆ ಯಾರಾದರೂ ಬಂದರೆ "ಆ ಪದ್ಯ ಹೇಳಿ ತೋರಿಸು" ಅಂತ ನಿಲ್ಲಿಸುತ್ತಾರೆ. ಎರಡನ್ನೂ ಬಿಡಿ ಅಂದೆ. ಅರ್ಥ ಬೇಕಾದಾಗ ಅವಳೇ ಕೇಳುತ್ತಾಳೆ.

"ನನಗೆ ರಾಗ ಬರಲ್ಲ" ಅಂದರು ತಂದೆ. ರಾಗ ಯಾರಿಗೆ ಬೇಕು? ಶೂ ಹಾಕಿಸುವಾಗ, ತಲೆ ಒರೆಸುವಾಗ ಎರಡು ಸಾಲು ಹೇಳಿ. ಕೊನೆಯ ಪದಕ್ಕೆ ಸುಮ್ನೆ ನಿಂತುನೋಡಿ. ಅವಳು ತುಂಬಿದರೆ ಸರಿ, ಇಲ್ಲದಿದ್ದರೆ ನೀವೇ ಹೇಳಿ ಮುಂದಕ್ಕೆ ಹೋಗಿ. ಮೊಬೈಲಿನಲ್ಲಿ ಪದ್ಯದ ವಿಡಿಯೋ ಹಾಕಿದರೆ ಸಾಲದಾ ಅಂತಲೂ ಕೇಳಿದರು. ಈ ವಯಸ್ಸಿಗೆ ಸ್ಕ್ರೀನ್ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆ. ಅದಲ್ಲದೆ, ವಿಡಿಯೋ ಮಗುವಿಗಾಗಿ ನಿಂತು ಕಾಯುವುದಿಲ್ಲ.

ಹೊರಡುವಾಗ ತಾಯಿ ಕೇಳಿದರು, "ಹಾಗಾದರೆ ಅಕ್ಷರ ಯಾವಾಗ ಕಲಿಸೋದು?" ಓದುವಾಗ ಒಮ್ಮೊಮ್ಮೆ ಸಾಲಿನ ಕೆಳಗೆ ಬೆರಳು ಓಡಿಸಿ, ಅವಳ ಹೆಸರಿನ ಅಕ್ಷರ ಎಲ್ಲಾದರೂ ಕಂಡರೆ ತೋರಿಸಿ, ಸದ್ಯಕ್ಕೆ ಇಷ್ಟು ಸಾಕು ಅಂದೆ. ಅವರಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ.

ಮುಂದಿನ ಭೇಟಿಗೆ ಹೊಸ ದೂರು ತಂದಿದ್ದರು. ಅಳು ನಿಂತಿದೆ, ಆದರೆ ಮಗು ಒಂದೇ ಪುಸ್ತಕ ಹಿಡಿದಿದೆ. ದಿನಾ ಅದೇ. "ಬಚ್ಚಿಟ್ಟುಬಿಡಲಾ ಮೇಡಂ?" ಬೇಡ ಅಂದೆ. ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮೂರು ವರ್ಷದ ಮಕ್ಕಳು, ಬೇರೆ ಬೇರೆ ಕಥೆ ಕೇಳಿದವರಿಗಿಂತ ಹೊಸ ಪದಗಳನ್ನು ಚೆನ್ನಾಗಿ ಕಲಿತರು ಅಂತ 2011ರ ಒಂದು ಅಧ್ಯಯನವೇ ಇದೆ. ಇನ್ನೊಂದು ಪುಸ್ತಕವನ್ನು ಅದರ ಪಕ್ಕದಲ್ಲಿಡಿ, ಒತ್ತಾಯ ಬೇಡ. ನಿಮಗೆ ಅಷ್ಟು ಬೇಜಾರಾಗಿದ್ದರೆ ವಾರದಲ್ಲಿ ನಾಲ್ಕು ದಿನ ಓದುವ ಪಾಳಿ ಅವರಪ್ಪನಿಗೆ ಬಿಡಿ ಅಂದೆ. ತಂದೆ ಒಪ್ಪಿದ್ದು ಮೂರು ದಿನಕ್ಕೆ.